ತಕ್ಕಡಿಯ ಮುಳ್ಳು ಮತ್ತು ಲೆಕ್ಕದ ಪುಸ್ತಕ: ಹುಣಸೆ ವ್ಯಾಪಾರಕ್ಕೆ ತಿರುಕ್ಕುರಳಿನ ನೀತಿ

ಬೇಸಿಗೆ ಸಮೀಪಿಸುತ್ತಿದ್ದಂತೆ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಸೀಮೆಯಲ್ಲಿ ಹುಣಸೆ ಸುಗ್ಗಿ. ಸಿಪ್ಪೆ, ನಾರು, ಬೀಜ ಬಿಡಿಸಿದ ಹಣ್ಣು ತುಮಕೂರು ಮಾರುಕಟ್ಟೆ ತಲಪುವ ಮುನ್ನ ಹಲವು ಕೈ ದಾಟುತ್ತದೆ. ಪ್ರತಿ ಹಂತದಲ್ಲೂ ಮೂರು ಪ್ರಶ್ನೆಗಳು ಏಳುತ್ತವೆ: ತೂಕ ಸರಿಯೇ? ಗುಣಮಟ್ಟ ಹೇಳಿದಂತಿದೆಯೇ? ಹಣ ಎಂದು ಸಿಗುವುದು?

ಈ ಪ್ರಶ್ನೆಗಳನ್ನು ತಮಿಳಿನ ಪ್ರಾಚೀನ ನೀತಿಗ್ರಂಥ ತಿರುಕ್ಕುರಳ್ ಅಂದೇ ಎದುರಿಸಿತ್ತು. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿದ್ದನ್ನು ಓದುಗರು ಬಲ್ಲರು. 1330 ದ್ವಿಪದಿಗಳ ಈ ಗ್ರಂಥದ 133 ಅಧ್ಯಾಯಗಳಲ್ಲಿ 70 'ಪೊರುಳ್' ಭಾಗಕ್ಕೆ, ಅಂದರೆ ಅರ್ಥ ಹಾಗೂ ರಾಜ್ಯವ್ಯವಹಾರಕ್ಕೆ ಮೀಸಲು. ಆದರೆ ವರ್ತಕನ ಧರ್ಮ ಬರುವುದು ಅರ್ಥಭಾಗದಲ್ಲಲ್ಲ. ಧರ್ಮಭಾಗದ 12ನೆಯ ಅಧ್ಯಾಯವಾದ 'ನಡುವುನಿಲೈಮೈ'ಯಲ್ಲಿ, ಅಂದರೆ ನಿಷ್ಪಕ್ಷಪಾತದ ವಿಚಾರದಲ್ಲಿ. ತಕ್ಕಡಿಯ ಉಪಮೆಯೂ ಅಲ್ಲಿಯದೇ. ಪರರ ಸರಕನ್ನು ತನ್ನದರಂತೆಯೇ ಕಾಣಬೇಕೆಂಬುದು ಅದರ ತಾತ್ಪರ್ಯ.

ತೂಕದಲ್ಲಿ ಕಡಿತ

ತಕ್ಕಡಿಗೆ ಸರ್ಕಾರದ ಮುದ್ರೆ ಇರಬಹುದು. ತೂಗಿದ ಮೇಲೆ ತೇವಾಂಶ, ಕಸದ ಹೆಸರಿನಲ್ಲಿ ಮನಬಂದಂತೆ ಮಾಡುವ ಕಡಿತಕ್ಕೆ ಮುದ್ರೆಯಿಲ್ಲ. ಕ್ವಿಂಟಾಲಿಗೆ 2 ಕಿಲೋ ಕಡಿದರೆ 50 ಕ್ವಿಂಟಾಲಿಗೆ 1 ಕ್ವಿಂಟಾಲು ಪುಕ್ಕಟೆ. ಒಣಗಿ ಇಳಿಯದೆ ಉಳಿದ ಆ ಸರಕು ದಾಸ್ತಾನಿನಲ್ಲಿದೆ, ಖರೀದಿ ಬಿಲ್ಲಿನಲ್ಲಿಲ್ಲ. ರೈತನಿಗೆ ಮಾಡಿದ ಅನ್ಯಾಯ ಕೊನೆಗೆ ವರ್ತಕನದೇ ಲೆಕ್ಕದಲ್ಲಿ ಉತ್ತರವಿಲ್ಲದ ಪ್ರಶ್ನೆಯಾಗುತ್ತದೆ.

ಪಾವತಿಯಲ್ಲಿ ವಿಳಂಬ

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ಅರ್ಹ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮನೆಯಲ್ಲಿ ಕುಳಿತು ಹುಣಸೆ ಬಿಡಿಸುವ ಹೆಣ್ಣುಮಗಳಿಗೆ ಈ ರಕ್ಷಣೆ ಸಾಮಾನ್ಯವಾಗಿ ಎಟುಕದು. ಕಾಯ್ದೆ ತಲಪದ ಕಡೆಯೇ ವಳ್ಳುವರ್ ಹೇಳಿದ ನೀತಿಗೆ ನಿಜವಾದ ಕೆಲಸ.

ಪೈಪೋಟಿಯ ಸವಾಲು

ಪಕ್ಕದವನು ಬೀಜ ಬೆರೆಸಿ ಅಗ್ಗಕ್ಕೆ ಮಾರಿದರೆ ಪ್ರಾಮಾಣಿಕನ ಗತಿಯೇನು? ಪ್ರಶ್ನೆ ನ್ಯಾಯವಾದುದೇ. ನಷ್ಟದಲ್ಲಿ ವ್ಯಾಪಾರ ಮಾಡೆಂದು ವಳ್ಳುವರ್ ಹೇಳಿಲ್ಲ. ಲಾಭದಾಸೆಗೆ ಬಂಡವಾಳ ಕಳೆದುಕೊಳ್ಳುವುದನ್ನು ಅವರು ಅವಿವೇಕವೆಂದೇ ಎಣಿಸಿದ್ದಾರೆ. ಬೀಜಸಹಿತ, ಬೀಜರಹಿತ ಸರಕನ್ನು ಬೇರ್ಪಡಿಸಿ, ಅದರದರ ಹೆಸರಿನಲ್ಲಿ ಅದರದರ ದರಕ್ಕೆ ಮಾರುವುದು, ಕಡಿತದ ಕಾರಣವನ್ನು ಚೀಟಿಯಲ್ಲಿ ನಮೂದಿಸುವುದು, ಪಾವತಿಯ ದಿನವನ್ನು ಮೊದಲೇ ತಿಳಿಸುವುದು ಯಾವ ಸಣ್ಣ ಅಂಗಡಿಗೂ ಸಾಧ್ಯ. ಮುಂದಿನ ಸುಗ್ಗಿಗೆ ರೈತ ಯಾರ ಬಾಗಿಲಿಗೆ ಮೊದಲು ಬರುತ್ತಾನೆಂಬುದು ಈ ಸುಗ್ಗಿಯ ಚೀಟಿಯಲ್ಲೇ ನಿರ್ಧಾರವಾಗಿರುತ್ತದೆ.