ಕನ್ನಡಿ ಇಲ್ಲದ್ದು ಬೇಕೋ, ಕಿಸೆಯಲ್ಲಿ ಕೂರುವಂಥದ್ದು ಬೇಕೋ?



ಕಳೆದ ಮಳೆಗಾಲದ ಒಂದು ಫೋನ್-ಇನ್ ಕಾರ್ಯಕ್ರಮದಲ್ಲಿ, ಹಾಡು ಕೇಳುವವರ ಸಾಲಿನಲ್ಲಿದ್ದ ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ಹಾಡು ಬಿಟ್ಟು ಬೇರೇನನ್ನೋ ಕೇಳಿಬಿಟ್ಟರು. "ನಿವೃತ್ತಿಯ ದುಡ್ಡು ಬಂದಿದೆ. ಜೀವನದಲ್ಲಿ ಒಂದು ಒಳ್ಳೆಯ ಕ್ಯಾಮೆರಾ ತಗೊಳ್ಳಬೇಕು ಅಂತಿದ್ದೆ. ಮಗ ಮಿರರ್‌ಲೆಸ್ ತಗೊಳ್ಳಿ ಅಂತಾನೆ, ಸೊಸೆ ಕಿಸೆಯಲ್ಲಿ ಹಿಡಿಯುವಂಥ ಕಾಂಪ್ಯಾಕ್ಟ್ ಸಾಕು ಅಂತಾಳೆ. ನೀವೇನಂತೀರಿ?" ನಾನು ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವನು. ಬೆಳಕಿನ ಕಸುಬು ನನ್ನದಲ್ಲ, ದನಿಯದು. ಆದರೂ ಹತ್ತು ವರ್ಷದಿಂದ ಎರಡೂ ಬಗೆಯ ಕ್ಯಾಮೆರಾ ಹಿಡಿದು ಕೈ ಸುಟ್ಟುಕೊಂಡಿದ್ದೇನೆ. ಅಂದು ಹಾಡಿನ ಸಮಯ ಮುಗಿದಿತ್ತು. ಅವರಿಗೆ ಆಮೇಲೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ನಿಮಗೂ ಬರೆಯುತ್ತಿದ್ದೇನೆ.

ಮೊದಲು ಅವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ಯಾರ ಫೋಟೋ ತೆಗೆಯಬೇಕು? ಅವರು ಎರಡು ಹೇಳಿದರು. ಒಂದು, ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಸಭಾಂಗಣಗಳಲ್ಲಿ ನಡೆಯುವ ಯಕ್ಷಗಾನ. ಇನ್ನೊಂದು, ಶಿರಸಿಯ ಹತ್ತಿರದ ಹಳ್ಳಿಯಲ್ಲಿರುವ ಎಂಬತ್ನಾಲ್ಕು ವರ್ಷದ ಅಮ್ಮ. ಇವೆರಡೂ ಎಷ್ಟು ಬೇರೆ ಬೇರೆ ಬೇಡಿಕೆಗಳು ಎಂಬುದು ತಿಳಿಯಬೇಕಾದರೆ ಕ್ಯಾಮೆರಾದ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು.

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾ ನಿಮಗೆ ನೆನಪಿರಬಹುದು. ಮದುವೆ ಮನೆಯ ಫೋಟೋಗ್ರಾಫರನ ಕೊರಳಲ್ಲಿ ನೇತಾಡುತ್ತಿತ್ತಲ್ಲ, ಅದು. ಅದರೊಳಗೆ ಓರೆಯಾಗಿ ನಿಂತ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ನಿಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ 'ಖಟಕ್' ಎಂದು ಮೇಲೇಳುತ್ತದೆ, ಬೆಳಕು ಹಿಂದಿರುವ ಸೆನ್ಸರಿಗೆ ಬೀಳುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯನ್ನೇ ತೆಗೆದುಹಾಕಿದ್ದಾರೆ. ಸೆನ್ಸರ್ ಸದಾ ಬೆಳಕಿಗೆ ತೆರೆದೇ ಇರುತ್ತದೆ, ಅದು ಕಂಡದ್ದನ್ನೇ ನೀವು ಪರದೆಯ ಮೇಲೆ ನೋಡುತ್ತೀರಿ. ಈಗಿನ ಮಾದರಿಯ ಮಿರರ್‌ಲೆಸ್ ಶುರುವಾದದ್ದು 2008ರಲ್ಲಿ, ಪ್ಯಾನಾಸಾನಿಕ್‌ನ ಜಿ1 ಕ್ಯಾಮೆರಾದಿಂದ. 2018ರಲ್ಲಿ ನಿಕಾನ್, ಕ್ಯಾನನ್ ಕೂಡ ತಮ್ಮ ದೊಡ್ಡ ಸೆನ್ಸರಿನ ಮಿರರ್‌ಲೆಸ್‌ಗಳನ್ನು ತಂದವು. (ಕಿಸೆಯ ಕಾಂಪ್ಯಾಕ್ಟಿನಲ್ಲಿಯೂ ಕನ್ನಡಿ ಇಲ್ಲ, ಎಂದೂ ಇರಲಿಲ್ಲ. ಆದರೆ ಅದನ್ನು ಯಾರೂ ಮಿರರ್‌ಲೆಸ್ ಎನ್ನುವುದಿಲ್ಲ. ಲೆನ್ಸ್ ಬಿಚ್ಚಿ ಬೇರೆ ಹಾಕಲು ಬಂದರೆ ಮಾತ್ರ ಆ ಹೆಸರು.)

ಹಾಗಾದರೆ ನಿಜವಾದ ವ್ಯತ್ಯಾಸ ಕನ್ನಡಿಯದಲ್ಲ, ಸೆನ್ಸರಿನ ಅಳತೆ ಮತ್ತು ಲೆನ್ಸಿನದು. ಅಂಗಡಿಯವರು ಮೆಗಾಪಿಕ್ಸೆಲ್ ಎಂದು ಎಷ್ಟೇ ಕೂಗಲಿ, ನೀವು ಕೇಳಬೇಕಾದದ್ದು ಸೆನ್ಸರ್ ಎಷ್ಟು ದೊಡ್ಡದು ಎಂದು. ಅಗ್ಗದ ಪುಟ್ಟ ಕಾಂಪ್ಯಾಕ್ಟುಗಳ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. 'ಒಂದು ಇಂಚಿನ ಸೆನ್ಸರ್' ಎಂದು ಕರೆಯುವ ಮೇಲಿನ ದರ್ಜೆಯ ಕಾಂಪ್ಯಾಕ್ಟುಗಳಲ್ಲಿ ಅದು 13.2ಕ್ಕೆ 8.8 ಮಿ.ಮೀ., ಅಂದರೆ 116 ಚದರ ಮಿ.ಮೀ. ಹೆಸರಿನಲ್ಲಿ ಇಂಚು ಇದ್ದರೂ ಯಾವ ಬದಿಯೂ ಒಂದು ಇಂಚು ಇಲ್ಲ, ಅದು ಹಳೆಯ ಕಾಲದ ಲೆಕ್ಕ, ಬಿಡಿ. ಹೆಚ್ಚಿನ ಮಿರರ್‌ಲೆಸ್‌ಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಇದರ ಮೂರು ಪಟ್ಟು. ಫುಲ್ ಫ್ರೇಮ್ ಎಂಬುದು 36ಕ್ಕೆ 24 ಮಿ.ಮೀ., 864 ಚದರ ಮಿ.ಮೀ. ಮಳೆಗೆ ಹಿಡಿದ ಪಾತ್ರೆಯ ಬಾಯಿ ಅಗಲವಿದ್ದಷ್ಟೂ ನೀರು ಹೆಚ್ಚು, ಅಷ್ಟೇ.

ಬೆಳಕು ಕಡಿಮೆಯಾದಾಗ ಕ್ಯಾಮೆರಾ ಏನು ಮಾಡುತ್ತದೆ? ಐಎಸ್‌ಒ ಏರಿಸುತ್ತದೆ. ನಮ್ಮ ರೇಡಿಯೋ ಭಾಷೆಯಲ್ಲಿ ಹೇಳಬೇಕೆಂದರೆ ವಾಲ್ಯೂಮ್ ಏರಿಸುತ್ತದೆ. ದೂರದ ಕ್ಷೀಣ ಸ್ಟೇಷನ್ನನ್ನು ಜೋರು ಮಾಡಿದರೆ ಹಾಡಿನ ಜತೆಗೆ ಕರಕರ ಸದ್ದೂ ಜೋರಾಗುತ್ತದಲ್ಲ? ಫೋಟೋದಲ್ಲಿಯೂ ಹಾಗೆಯೇ. ಕಪ್ಪಿನ ಜಾಗದಲ್ಲೆಲ್ಲ ಮರಳು ಚೆಲ್ಲಿದಂತೆ ಕಾಣುವುದು ಆ ಕರಕರ. ಫೋಟೋದವರು ಕೂಡ ಅದನ್ನು ನಾಯ್ಸ್ ಎಂದೇ ಕರೆಯುತ್ತಾರೆ.

ಈಗ ಯಕ್ಷಗಾನಕ್ಕೆ ಬನ್ನಿ. ಚೆಂಡೆ ಏರಿ, ವೇಷಧಾರಿ ಮಂಡಿ ಕುಣಿತಕ್ಕೆ ಇಳಿದಾಗ ಅವನನ್ನು ಸ್ಪಷ್ಟವಾಗಿ ಹಿಡಿಯಬೇಕೆಂದರೆ ಸೆಕೆಂಡಿನ 500ನೆಯ ಒಂದು ಭಾಗದಷ್ಟು ಚುರುಕಾದ ಶಟರ್ ಬೇಕು. ಕ್ಯಾಮೆರಾಗಳಲ್ಲಿ ನಮ್ಮ ಕೈ ನಡುಕಕ್ಕೆ ಮದ್ದಿದೆ, ವೇಷಧಾರಿಯ ಕುಣಿತಕ್ಕಿಲ್ಲ. ಅಷ್ಟು ಕ್ಷಣಮಾತ್ರ ತೆರೆದ ಕಿಟಕಿಯಿಂದ ಬರುವ ಬೆಳಕು ಬಹಳ ಕಡಿಮೆ. ಆದ್ದರಿಂದ ಲೆನ್ಸಿನ ಬಾಯಿ ದೊಡ್ಡದಿರಬೇಕು. ಅದನ್ನು 'ಎಫ್' ಎಂಬ ಅಂಕಿಯಲ್ಲಿ ಬರೆಯುತ್ತಾರೆ, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು.

ಹೆಚ್ಚಿನವರು ಎಡವುವುದು ಇಲ್ಲಿಯೇ, ನಾನೂ ಇಲ್ಲಿಯೇ ಎಡವಿದ್ದು. ಮಿರರ್‌ಲೆಸ್ ಕೊಂಡರೆ ಪೆಟ್ಟಿಗೆಯಲ್ಲಿ ಜತೆಗೆ ಬರುವ ಜೂಮ್ ಲೆನ್ಸ್ ಸಾಮಾನ್ಯವಾಗಿ ಎಫ್ 3.5ರಿಂದ 5.6, ಕೆಲವದರಲ್ಲಿ 4.5ರಿಂದ 6.3. ಆದರೆ 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಎಂಬ ಒಂದು ಇಂಚಿನ ಕಾಂಪ್ಯಾಕ್ಟಿನ ಲೆನ್ಸ್, ಜೂಮ್ ಮಾಡದೆ ಇದ್ದಾಗ, ಎಫ್ 1.8. ಲೆಕ್ಕ ಹಾಕಿ: 3.5ಕ್ಕಿಂತ 1.8ರಲ್ಲಿ ಬೆಳಕು ಸುಮಾರು ಮೂರೂಮುಕ್ಕಾಲು ಪಟ್ಟು ಹೆಚ್ಚು. ಮಿರರ್‌ಲೆಸ್‌ನ ಸೆನ್ಸರ್ ಮೂರು ಪಟ್ಟು ದೊಡ್ಡದಿದ್ದರೂ ಲೆನ್ಸಿನಲ್ಲಿ ಕಳೆದುಕೊಂಡದ್ದಕ್ಕೆ ಅದು ಸರಿಯಾಗಿಹೋಯಿತು! ಪೆಟ್ಟಿಗೆಯ ಲೆನ್ಸಿನ ಜತೆಗೆ ಹಾಗೆಯೇ ಇಟ್ಟುಕೊಳ್ಳುವುದಾದರೆ, ಮಂದ ಬೆಳಕಿನ ಕೋಣೆಯಲ್ಲಿ ದೊಡ್ಡ ಕ್ಯಾಮೆರಾ ಒಳ್ಳೆಯ ಕಾಂಪ್ಯಾಕ್ಟಿಗಿಂತ ಏನೂ ಮೇಲಲ್ಲ. ಭಾರ ಮಾತ್ರ ಹೆಚ್ಚು. ಇದನ್ನು ನನಗೆ ಯಾವ ಅಂಗಡಿಯಲ್ಲಿಯೂ ಯಾರೂ ಹೇಳಲಿಲ್ಲ. ಮೊದಲ ಮಿರರ್‌ಲೆಸ್ ಹಿಡಿದು ಆಟಕ್ಕೆ ಹೋಗಿ, ರಾತ್ರಿಯೆಲ್ಲ ತೆಗೆದ ಇನ್ನೂರು ಫೋಟೋಗಳಲ್ಲಿ ಕೇದಗೆ ಮುಂದಲೆ ಯಾವುದು, ಮುಖ ಯಾವುದು ತಿಳಿಯದಂತೆ ಎಲ್ಲ ಕಲಸಿಹೋದ ಮೇಲೆಯೇ ನನಗೆ ಅರ್ಥವಾದದ್ದು.

ಮಿರರ್‌ಲೆಸ್‌ನ ನಿಜವಾದ ಬಲ ಎರಡನೆಯ ಲೆನ್ಸಿನಲ್ಲಿದೆ. 50 ಮಿ.ಮೀ., ಎಫ್ 1.8 ಎಂಬ ಪುಟ್ಟ ಲೆನ್ಸನ್ನು ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಮಾಡುತ್ತವೆ, ಲೆನ್ಸುಗಳ ಲೋಕದಲ್ಲಿ ಇದು ಬಡವರ ಬಂಧು. ಇದಕ್ಕೆ ಜೂಮ್ ಇಲ್ಲ. ಆದರೆ ಪೆಟ್ಟಿಗೆಯ ಲೆನ್ಸಿಗೆ ಐಎಸ್‌ಒ 12800 ಬೇಕಾದಲ್ಲಿ ಇದಕ್ಕೆ 1300ರ ಆಸುಪಾಸು ಸಾಕು. ಕಾಂಪ್ಯಾಕ್ಟಿನ ಗತಿ ಇಲ್ಲಿ ಬೇರೆ. ರಂಗಸ್ಥಳದ ಹತ್ತಿರ ಹೋಗಲೆಂದು ಜೂಮ್ ಮಾಡುತ್ತ ಹೋದಂತೆ ಆರ್‌ಎಕ್ಸ್100ರ ಲೆನ್ಸಿನ ಬಾಯಿ ಕಿರಿದಾಗಿ ಎಫ್ 4.9ಕ್ಕೆ ಇಳಿಯುತ್ತದೆ. ಆಗ ಹೋಲಿಸಿದರೆ 50ರ ಲೆನ್ಸ್ ಹಾಕಿದ ಮಿರರ್‌ಲೆಸ್‌ಗೆ ಸಿಗುವ ಬೆಳಕು ಇಪ್ಪತ್ತು ಪಟ್ಟಿಗೂ ಹೆಚ್ಚು. ಯಕ್ಷಗಾನ, ಮಗಳ ಭರತನಾಟ್ಯ, ಸಂಘದ ನಾಟಕ ಇವೇ ನಿಮ್ಮ ಆಸೆಯಾದರೆ ಯೋಚನೆ ಬೇಡ, ಮಿರರ್‌ಲೆಸ್ ಮತ್ತು ಆ ಲೆನ್ಸ್. ಎರಡನೆಯ ಲೆನ್ಸ್ ಕೊಳ್ಳುವ ಮನಸ್ಸಿಲ್ಲವೆಂದರೆ ಮಿರರ್‌ಲೆಸ್ ಕಡೆಗೆ ಹೋಗಲೇಬೇಡಿ.

ಇನ್ನು ಅಮ್ಮ.

ಮಲೆನಾಡಿನ ಹಳೆಯ ಅಡುಗೆಮನೆ ನಿಮಗೆ ಗೊತ್ತು. ಹೊಗೆ ಹಿಡಿದ ಗೋಡೆ, ಮಾಡಿನಲ್ಲಿ ಒಂದೋ ಎರಡೋ ಗಾಜಿನ ಹೆಂಚು, ಅಲ್ಲಿಂದ ಇಳಿಯುವ ಒಂದು ಕೋಲು ಬೆಳಕು. ಬೆಳಕು ಕಡಿಮೆಯೇ, ಆದರೆ ಅಲ್ಲಿ ಕುಣಿತವಿಲ್ಲ. ಅಡಿಕೆ ಹೋಳು ಮಾಡುತ್ತ ಕೂತವರನ್ನು ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ಧಾರಾಳವಾಗಿ ಹಿಡಿಯಬಹುದು. ಅದಕ್ಕೆ ಎಫ್ 1.8ರ ಕಾಂಪ್ಯಾಕ್ಟ್ ಸಾಕು. ಅಲ್ಲಿನ ತೊಡಕು ಬೆಳಕಿನದಲ್ಲ. ದೊಡ್ಡ ಕ್ಯಾಮೆರಾ ಎತ್ತಿದ ಕೂಡಲೇ ಅಮ್ಮಂದಿರು ಏನು ಮಾಡುತ್ತಾರೆ? "ನಿಲ್ಲು, ಸೀರೆ ಬದಲಾಯಿಸಿ ಬರ್ತೆ" ಎಂದು ಏಳುತ್ತಾರೆ. ಬಂದು ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿ, ಉಸಿರು ಹಿಡಿದು ನಿಲ್ಲುತ್ತಾರೆ. ನನ್ನ ಅಜ್ಜಿಯ ನಲವತ್ತು ಫೋಟೋಗಳು ನನ್ನ ಹತ್ತಿರ ಇವೆ, ನಲವತ್ತರಲ್ಲಿಯೂ ಆಧಾರ್ ಕಾರ್ಡಿನ ಮುಖ. ನಗುವಾಗ ಬಾಯಿಗೆ ಸೆರಗು ಹಿಡಿಯುತ್ತಿದ್ದರಲ್ಲ, ಅದು ಒಂದರಲ್ಲಿಯೂ ಇಲ್ಲ. ಇನ್ನು ತೆಗೆಯುವಂತೆಯೂ ಇಲ್ಲ.

ನಮ್ಮ ಕಸುಬಿನಲ್ಲಿಯೂ ಇದು ಹೀಗೆಯೇ. ಸ್ಟುಡಿಯೋದ ದೊಡ್ಡ ಮೈಕಿನ ಮುಂದೆ ಕೂರಿಸಿದರೆ ಎಂಥ ಮಾತುಗಾರರೂ ಪುಸ್ತಕದ ಕನ್ನಡ ಶುರು ಮಾಡುತ್ತಾರೆ. ಅವರೇ ಚಹಾ ಕುಡಿಯುತ್ತ, ಮೇಜಿನ ಮೇಲಿನ ಅಂಗೈಯಗಲದ ರೆಕಾರ್ಡರ್ ಮರೆತು ಆಡಿದ ಮಾತೇ ಪ್ರಸಾರಕ್ಕೆ ಯೋಗ್ಯವಾಗಿರುತ್ತದೆ. ಆರ್‌ಎಕ್ಸ್100ರ ತೂಕ 240 ಗ್ರಾಂ, ಅಂಗಿಯ ಕಿಸೆಯಲ್ಲಿ ಕೂರುತ್ತದೆ. ಸಣ್ಣದೆನ್ನುವ ಕ್ಯಾನನ್ ಆರ್50 ಮಿರರ್‌ಲೆಸ್ ಕೂಡ ಲೆನ್ಸ್ ಸೇರಿ ಅರ್ಧ ಕಿಲೋ, ಅದಕ್ಕೊಂದು ಚೀಲ ಬೇರೆ. ಡೊಂಬಿವಲಿಯಿಂದ ಎಂಟೂ ಹತ್ತರ ಲೋಕಲ್ ಹಿಡಿಯುವವರಿಗೆ ಚೀಲದ ಕಷ್ಟ ನಾನು ಹೇಳಬೇಕಿಲ್ಲ. ಚೀಲವಿದ್ದರೆ ಕ್ಯಾಮೆರಾ ಮನೆಯಲ್ಲಿಯೇ ಉಳಿಯುತ್ತದೆ.

"ಅದಕ್ಕೆ ಮೊಬೈಲ್ ಇಲ್ಲವೇ?" ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ಅಗ್ಗದ ಕಾಂಪ್ಯಾಕ್ಟುಗಳನ್ನು ಕೊಂದದ್ದೇ ಮೊಬೈಲ್. 2010ರಲ್ಲಿ ಜಗತ್ತಿಗೆಲ್ಲ ಹನ್ನೆರಡು ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಹೊರಟಿದ್ದವು, 2023ರಲ್ಲಿ ಎಂಬತ್ತು ಲಕ್ಷವೂ ಇಲ್ಲ. ಹಾಗಾಗಿ 28 ಚದರ ಮಿಲಿಮೀಟರಿನ ಪುಟ್ಟ ಸೆನ್ಸರಿನ ಕಾಂಪ್ಯಾಕ್ಟಿಗೆ ದುಡ್ಡು ಹಾಕಬೇಡಿ, ನಿಮ್ಮ ಕೈಲಿರುವ ಫೋನೇ ಅದಕ್ಕಿಂತ ವಾಸಿ ಇದ್ದೀತು. ಒಂದು ಇಂಚು, ಅಥವಾ ರಿಕೋ ಜಿಆರ್3ರ ಹಾಗೆ ಅದಕ್ಕಿಂತ ದೊಡ್ಡದು ಇದ್ದರೆ ಮಾತ್ರ ಕಾಂಪ್ಯಾಕ್ಟಿಗೆ ಅರ್ಥ. ಜಿಆರ್3ರಲ್ಲಿ ಎಪಿಎಸ್-ಸಿ ಸೆನ್ಸರಿದ್ದೂ ತೂಕ 257 ಗ್ರಾಂ, ಆದರೆ ಜೂಮ್ ಇಲ್ಲ.

ಮುಂಬಯಿಯವರು ಬಹಳ ಮಂದಿ ಫೋರ್ಟಿನ ಬೋರಾ ಬಜಾರಿಗೆ ಹೋಗುತ್ತೀರಿ. ಹೋಗಿ, ಕೈಯಲ್ಲಿ ಹಿಡಿದು ನೋಡಿ. ಆದರೆ "ಬಿಲ್ ಬೇಡವಾದರೆ ಇಷ್ಟು ಕಡಿಮೆ" ಎಂಬ ಮಾತಿಗೆ ಮರುಳಾಗಬೇಡಿ. ಭಾರತದ ವಾರಂಟಿ ಕಾರ್ಡ್ ಇಲ್ಲದ ಕ್ಯಾಮೆರಾ ಕೆಟ್ಟರೆ ಉಳಿದ ದುಡ್ಡೆಲ್ಲ ರಿಪೇರಿಗೆ. ಹಳೆಯ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಬಯಿಯ ಹವೆ ಲೆನ್ಸಿಗೆ ಶತ್ರು. ಚಕ್ಕುಲಿ ಹಾಕಿಡುವ ಬಿಗಿ ಮುಚ್ಚಳದ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಟ್ಟರೆ ಸಾಕು. ಕಾಂಪ್ಯಾಕ್ಟನ್ನು ಚೌಪಾಟಿಯ ಮರಳಿನಿಂದ ದೂರವಿಡಿ. ಹೊರಗೆ ಚಾಚಿ ಒಳಗೆ ಹೋಗುವ ಲೆನ್ಸಿನಲ್ಲಿ ಒಂದು ಕಾಳು ಸಿಕ್ಕಿಕೊಂಡರೂ ಅದು ಅಲ್ಲಿಯೇ ನಿಂತುಬಿಡಬಹುದು.

ಡೊಂಬಿವಲಿಯವರಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು: ಎರಡೂ ಬೇಕು ಎನ್ನುತ್ತೀರಿ, ಒಟ್ಟಿಗೆ ಆಗದು. ಮೇಳ ಮುಂದಿನ ಮಳೆಗಾಲಕ್ಕೂ ಮುಂಬಯಿಗೆ ಬರುತ್ತದೆ. ಅಮ್ಮನಿಗೆ ಎಂಬತ್ನಾಲ್ಕು. ಮೊದಲು ಕಿಸೆಯದು ತಗೊಳ್ಳಿ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸೊಸೆಗೆ ಗೆದ್ದೆ ಅನ್ನಿಸುತ್ತದೆ ನೋಡಿ" ಎಂದರು.

ದೀಪಾವಳಿ ಮುಗಿಸಿ ಬಂದ ಮೇಲೆ ಮತ್ತೆ ಫೋನ್ ಮಾಡಿದ್ದರು. ಮೊದಲ ದಿನ ಅಮ್ಮ ಕೇಳಿದರಂತೆ, "ಇದೆಂತದೋ ತಮಾ, ಸುಣ್ಣದ ಡಬ್ಬಿಯಾ?" ಎರಡನೆಯ ದಿನದಿಂದ ಅದರ ಕಡೆ ನೋಡಲಿಲ್ಲವಂತೆ. ಈ ಕನ್ನಡಿಗರು ಆ ಹದಿನೈದು ದಿನದ ಫೋಟೋಗಳಲ್ಲಿ ಒಂದನ್ನು ನನಗೂ ಕಳಿಸಿದ್ದಾರೆ. ಗಾಜಿನ ಹೆಂಚಿನ ಕೆಳಗೆ ಅಡಕತ್ತರಿ ಹಿಡಿದ ಕೈ, ಪಕ್ಕದ ಮನೆಯವರ ಯಾವುದೋ ಮಾತಿಗೆ ತೆರೆದ ಬಾಯಿ. ಮೂಲೆಯಲ್ಲಿ ಸ್ವಲ್ಪ ಕರಕರವಿದೆ. ಈಗ ಅವರು 50ರ ಲೆನ್ಸಿನ ಬೆಲೆ ಕೇಳುತ್ತಿದ್ದಾರೆ.