ಮಾತು ಕೇಳದ ಮಕ್ಕಳು

ಮಳೆ ಜಡಿಯುವ ಕಕ್ಕಡ ತಿಂಗಳಲ್ಲಿ ಕೊಡಗಿನ ನಾಪೋಕ್ಲು ಕಡೆಯ ಯಾವುದಾದರೂ ಶೀಟು ಹೊದಿಸಿದ ಕಟ್ಟಡದೊಳಗೆ ನಿಂತು ಪಕ್ಕದವರ ಜೊತೆ ಮಾತಾಡಿ ನೋಡಿ. ಎರಡನೇ ವಾಕ್ಯಕ್ಕೇ "ಆಂ?" ಬರುತ್ತದೆ. ಚೆರಿಯಪರಂಬಿನ ರಸ್ತೆಗೆ ಕಾವೇರಿ ಹತ್ತಿ ಶಾಲೆಗೆ ರಜೆ ಸಿಕ್ಕರೆ ಸರಿ. ಸಿಗದ ದಿನ ಪಾಠ ಮಳೆಯ ಜೊತೆ ಪೈಪೋಟಿಗಿಳಿಯುತ್ತದೆ.

ಅರ್ಧ ಕೇಳಿದ ಮಾತನ್ನು ದೊಡ್ಡವರು ಊಹೆಯಿಂದ ತುಂಬಿಕೊಳ್ಳುತ್ತಾರೆ. ಎರಡನೇ ಕ್ಲಾಸಿನ ಮಗುವಿಗೆ ಆ ಬಂಡವಾಳ ಕಡಿಮೆ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ ಮಲಯಾಳವೋ ಆಡಿ, ಶಾಲೆಗೆ ಬಂದು ಕನ್ನಡ ಕಲಿಯುವ ಮಗುವಿಗೆ ಇನ್ನೂ ಕಡಿಮೆ. ಅವರಲ್ಲೂ ಒಂದಿಬ್ಬರು ತೀರಾ ಹಿಂದೆ ಬೀಳುತ್ತಾರೆ. ಯಾವ ಪುಟ ತೆಗೆಯಬೇಕೆಂದು ಪಕ್ಕದವನ ಪುಸ್ತಕ ಇಣುಕುತ್ತಾರೆ. "ಹೇಳಿದ ಮಾತು ಕೇಳೋದೇ ಇಲ್ಲ" ಎಂಬ ದೂರು ಮನೆಗೆ ಹೋಗುತ್ತದೆ. ಕಿವಿಗೆ ಬೀಳುವುದಕ್ಕೂ ವಿಧೇಯತೆಗೂ ನಾವು 'ಕೇಳು' ಎಂಬ ಒಂದೇ ಕ್ರಿಯಾಪದ ಇಟ್ಟುಕೊಂಡಿರುವುದು ಈ ಮಕ್ಕಳಿಗೆ ದುಬಾರಿಯಾಗಿದೆ.

ಅನುಮಾನ ಬಂದ ಹೆತ್ತವರು ಆಡಿಯೋಮೀಟರ್ ಪರೀಕ್ಷೆ ಮಾಡಿಸುತ್ತಾರೆ. ಸದ್ದಡಗಿಸಿದ ಕೋಣೆ, ಕಿವಿಗೆ ಹೆಡ್‌ಫೋನ್, 250ರಿಂದ 8,000 ಹರ್ಟ್ಸ್‌ವರೆಗೆ ಒಂದೊಂದೇ ಬೀಪ್. ಕೇಳಿಸಿದರೆ ಕೈ ಎತ್ತಬೇಕು. ಪ್ರತಿ ಸ್ವರದಲ್ಲೂ ಮಗುವಿಗೆ ಕೇಳಿಸುವ ಅತಿ ಸಣ್ಣ ಸದ್ದು ಎಷ್ಟೆಂದು ನಕ್ಷೆ ಸಿದ್ಧವಾಗುತ್ತದೆ. ಗೆರೆ 15 ಡೆಸಿಬೆಲ್ ಒಳಗಿದ್ದರೆ 'ನಾರ್ಮಲ್'. ಯಂತ್ರವನ್ನು ದೂರುವಂತಿಲ್ಲ, ತನ್ನ ಕೆಲಸದಲ್ಲಿ ಅದು ನಿಖರ. ಆದರೆ ಅದರ ಪ್ರಶ್ನೆ ಒಂದೇ: ಸದ್ದು ಇದೆಯೋ ಇಲ್ಲವೋ? ಜಡಿಮಳೆಯಲ್ಲಿ ಟೀಚರ್ ಹೇಳಿದ್ದು 'ಕತೆ'ಯೋ 'ಕತ್ತೆ'ಯೋ ಎಂದು ಅದು ವಿಚಾರಿಸುವುದಿಲ್ಲ.

ಈ ಎರಡು ಪದಗಳನ್ನು ಮುಖ್ಯವಾಗಿ ಬೇರೆ ಮಾಡುವುದು ಒಂದು ಮೌನ. 'ತ' ಎನ್ನುವಾಗ ನಾಲಿಗೆ ಹಲ್ಲಿಗೊತ್ತಿ ಉಸಿರು ಕ್ಷಣಕಾಲ ಕಟ್ಟುತ್ತದೆ. 'ತ್ತ' ಎನ್ನುವಾಗ ಆ ತಡೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಶೀಟಿನ ಮೇಲಿನ ಮಳೆ ನುಗ್ಗುವುದು ಆ ಖಾಲಿ ಜಾಗಕ್ಕೇ. ಯಾವುದು ಮಳೆ, ಯಾವುದು ಮಾತು ಎಂದು ಬಿಡಿಸುವ ಕೆಲಸದ ಬಹುಪಾಲು ಕಿವಿಯಾಚೆ, ನರ ಮತ್ತು ಮಿದುಳಿನಲ್ಲಿ ನಡೆಯುತ್ತದೆ. 1954ರಲ್ಲೇ ಇಟಲಿಯ ಬೊಕ್ಕಾ ಮತ್ತು ಸಂಗಡಿಗರು ಇದನ್ನು ಕಂಡುಕೊಂಡರು: ಮಿದುಳಿನ ಟೆಂಪೊರಲ್ ಲೋಬಿನಲ್ಲಿ ಗಡ್ಡೆಯಿದ್ದವರು ಬೀಪ್ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು, ಮಸುಕು ಮಾಡಿದ ಮಾತನ್ನು ಗಡ್ಡೆಯ ಎದುರು ಬದಿಯ ಕಿವಿಗೆ ಕೊಟ್ಟರೆ ತಡವರಿಸುತ್ತಿದ್ದರು.

ಹಸುಗೂಸುಗಳ ತಪಾಸಣೆಯಲ್ಲೂ ಇಂಥದೊಂದು ಕಿಂಡಿ ಇದೆ. ಸದ್ದಿಗೆ ಒಳಗಿವಿ ಹೊರಡಿಸುವ ಸಣ್ಣ ಮರುದನಿಯನ್ನು 1978ರಲ್ಲಿ ಡೇವಿಡ್ ಕೆಂಪ್ ಗುರುತಿಸಿದರು. ಅದನ್ನು ಹಿಡಿಯುವ ಓಎಇ ಪರೀಕ್ಷೆ ಹೊರ ರೋಮಕೋಶಗಳು ಚೆನ್ನಾಗಿವೆಯೇ ಎಂದಷ್ಟೇ ಹೇಳುತ್ತದೆ. ಅಲ್ಲಿಂದ ಮುಂದಿನ ನರ ಸಂದೇಶವನ್ನು ಸರಿಯಾಗಿ ಒಯ್ಯದಿದ್ದರೂ ಪಾಸ್. ಹುಟ್ಟಿದಾಗ ತೀವ್ರ ಕಾಮಾಲೆಯಾಗಿದ್ದ ಮಗುವಿಗೆ ಈ ತೊಂದರೆಯ ಸಂಭವ ಹೆಚ್ಚು. ಎಬಿಆರ್ ಎಂಬ ನರದ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.

ಶಾಲೆಯ ಮಕ್ಕಳ ವಿಷಯಕ್ಕೆ ಬಂದರೆ, ನಮ್ಮ ಪುಣ್ಯಕ್ಕೆ ಕೊಡಗಿನ ಪಕ್ಕದಲ್ಲೇ ಮೈಸೂರಿದೆ. 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಆಶಾ ಯತಿರಾಜ್ ಮತ್ತು ಸಹೋದ್ಯೋಗಿಗಳು, ಇಂಥ ಮಕ್ಕಳನ್ನು ಗುರುತಿಸಲು ಶಿಕ್ಷಕರೇ ತುಂಬಬಹುದಾದ ಪ್ರಶ್ನಾವಳಿಯೊಂದನ್ನು ಇಪ್ಪತ್ತು ವರ್ಷಗಳ ಹಿಂದೆಯೇ ರೂಪಿಸಿದರು. ಒಟ್ಟು 12 ಪ್ರಶ್ನೆ. ಗದ್ದಲದಲ್ಲಿ ಗಮನ ಚದುರುತ್ತದೆಯೇ, ಮತ್ತೆ ಮತ್ತೆ ಹೇಳಬೇಕೇ, ಕೇಳಿದ್ದನ್ನು ಅದೇ ಕ್ರಮದಲ್ಲಿ ನೆನಪಿಡಲು ಕಷ್ಟವೇ ಎಂಬಂಥವು. ಅರ್ಧದಷ್ಟಕ್ಕೆ 'ಹೌದು' ಬಂದರೆ ಮುಂದಿನ ಪರೀಕ್ಷೆ. 2013ರಲ್ಲಿ ಪ್ರಕಟವಾದ ಅವರ ಇನ್ನೊಂದು ತಪಾಸಣೆಯಲ್ಲಿ ನಾಲ್ಕು ಭಾಗಗಳಿವೆ: ಗದ್ದಲದೊಳಗಿನ ಪದ ಗುರುತಿಸುವುದು, ಎರಡು ಕಿವಿಗೆ ಏಕಕಾಲಕ್ಕೆ ಬಂದ ಬೇರೆ ಬೇರೆ ಅಕ್ಷರ ಹೇಳುವುದು, ಸದ್ದಿನ ನಡುವಿನ ಪುಟ್ಟ ಮೌನ ಪತ್ತೆಹಚ್ಚುವುದು, ಕೇಳಿದ್ದನ್ನು ನೆನಪಿಡುವುದು.

ಸದ್ದು ಕೇಳಿಸಿಯೂ ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳಲಾಗದ ಈ ತೊಂದರೆ ನಿಜಕ್ಕೂ ಶ್ರವಣದ್ದೇ ಎಂಬ ಜಗಳ ಮುಗಿದಿಲ್ಲ. ಬ್ರಿಟನ್ನಿನ ಡೇವಿಡ್ ಮೂರ್ ತಂಡ ಸುಮಾರು 1,500 ಮಕ್ಕಳನ್ನು ಪರೀಕ್ಷಿಸಿ, ಗಮನ ಮತ್ತು ಗ್ರಹಿಕೆಯ ಪಾಲೇ ದೊಡ್ಡದು ಎಂದು 2010ರಲ್ಲಿ ವಾದಿಸಿತು. ಇರಬಹುದು. ಹಿಂದಿನ ಬೆಂಚಿನ ಹುಡುಗಿಗೆ ಹೆಸರಿನ ಜಗಳದಿಂದ ಆಗಬೇಕಾದದ್ದೇನೂ ಇಲ್ಲ; ಅವಳಿಗೆ ಪಾಠ ತಲುಪಿಲ್ಲ.

ನಾಪೋಕ್ಲಿನಂಥ ಊರಲ್ಲಿ ಇನ್ನೊಂದು ಮೋಸವಿದೆ, ಕ್ಯಾಲೆಂಡರಿನದು. ಶೀತ-ನೆಗಡಿಯ ದಿನಗಳಲ್ಲಿ ಕಿವಿತಮಟೆಯ ಹಿಂದೆ ಅಂಟುದ್ರವ ನಿಂತು ಮಗುವಿಗೆ ಕೆಲವು ವಾರ ಸದ್ದೆಲ್ಲ ಮಂಕಾಗಬಹುದು. ನೋವಿಲ್ಲ, ಸೋರಿಕೆ ಇಲ್ಲ, ಯಾರಿಗೂ ತಿಳಿಯುವುದಿಲ್ಲ. ಬಿಡುವಿದೆಯೆಂದು ಏಪ್ರಿಲ್-ಮೇ ರಜೆಯಲ್ಲಿ ಪರೀಕ್ಷೆಗೆ ಕರೆದೊಯ್ಯುವ ಹೊತ್ತಿಗೆ ಕಿವಿ ಒಣಗಿ, ನಕ್ಷೆ ಚೊಕ್ಕವಾಗಿ ಬರುತ್ತದೆ.

ಪರೀಕ್ಷೆಗೆ ಕಾಯದೆ ತರಗತಿಯಲ್ಲೇ ಮಾಡಬಹುದಾದದ್ದೂ ಇದೆ. ಬಯಲಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿತ ಕಡಿಮೆ, ಆದರೆ ಗೋಡೆಯ ಪ್ರತಿಧ್ವನಿ ಮಾತನ್ನು ಕಲಸುತ್ತದೆ. ಹಾಗಾಗಿ ಮುಂದಿನ ಬೆಂಚು, ಶೀಟಿನ ಕೆಳಗೊಂದು ಸೀಲಿಂಗ್, ಬೋರ್ಡಿನ ಮೇಲೆ ಬರೆದ ಮನೆಗೆಲಸ, ಸಾಧ್ಯವಾದರೆ ಟೀಚರ ಕೊರಳಿಗೊಂದು ಪುಟ್ಟ ಮೈಕು. ಇನ್ನು ಆ 12 ಪ್ರಶ್ನೆಗಳ ಹಾಳೆ ತುಂಬಲು ಕರೆಂಟು ಬೇಕಾಗಿಲ್ಲ. ಜುಲೈ ತಿಂಗಳ ನಾಪೋಕ್ಲಿನಲ್ಲಿ ಅದೇನು ಸಣ್ಣ ಅನುಕೂಲವಲ್ಲ.