ರೋಗಾಣುವಿನ ಕೋಟೆ ಒಡೆಯುವ ಕಿಣ್ವ

ಮನೆಯಲ್ಲಿ ಒಬ್ಬರ ಗಾಯ ಕೀವುಗಟ್ಟಿ, ವೈದ್ಯರು ಕೊಟ್ಟ ಮೊದಲನೆಯ ಔಷಧಿಯೂ ಎರಡನೆಯದೂ ನಾಟದೆ ಹೋದಾಗ ಆ ಕುಟುಂಬ ಪಡುವ ಕಳವಳವನ್ನು ಅನುಭವಿಸಿದವರೇ ಬಲ್ಲರು. ಪೆನಿಸಿಲಿನ್ ಬಂದ ಹೊಸತರಲ್ಲಿ ಸುಲಭವಾಗಿ ಮಣಿಯುತ್ತಿದ್ದ ಸ್ಟೆಫೈಲೊಕಾಕಸ್‌ನಂತಹ ರೋಗಾಣುಗಳ ಕೆಲವು ತಳಿಗಳು ಈಗ ಅನೇಕ ಆಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ. ಆದುದರಿಂದಲೇ ವಿಜ್ಞಾನಿಗಳ ದೃಷ್ಟಿ ಬ್ಯಾಕ್ಟೀರಿಯಾಗಳ ಹುಟ್ಟುವೈರಿಯಾದ ಬ್ಯಾಕ್ಟೀರಿಯೊಫೇಜ್ ಎಂಬ ವೈರಸ್ಸಿನ ಕಡೆಗೆ ಮತ್ತೆ ಹೊರಳಿದೆ. 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಡಿಹೆರೆಲ್ ಇದನ್ನು ಬೇರೆಬೇರೆಯಾಗಿ ಗುರುತಿಸಿದ್ದರು.

ಫೇಜು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ಆನುವಂಶಿಕ ದ್ರವ್ಯವನ್ನು ಒಳಗೆ ತೂರಿಸುತ್ತದೆ. ಅಲ್ಲಿ ಅದರ ಸಂತಾನ ತುಂಬಿಕೊಳ್ಳುತ್ತದೆ. ಆದರೆ ಹೊರಗೆ ಬರುವುದೆಂತು? ಬ್ಯಾಕ್ಟೀರಿಯಾಕ್ಕೆ ಒಳಗೊಂದು ತೆಳುವಾದ ಪೊರೆ, ಅದರ ಸುತ್ತ ಪೆಪ್ಟಿಡೊಗ್ಲೈಕಾನ್ ಎಂಬ ವಸ್ತುವಿನಿಂದ ಬಲೆಯಂತೆ ಹೆಣೆದ ಗಟ್ಟಿ ಗೋಡೆ. ಸರಿಯಾದ ಗಳಿಗೆಯಲ್ಲಿ ಹೋಲಿನ್ ಎಂಬ ಪ್ರೋಟೀನು ಪೊರೆಯಲ್ಲಿ ರಂಧ್ರ ಮಾಡುತ್ತದೆ. ಆ ದಾರಿಯಿಂದ ಎಂಡೋಲೈಸಿನ್ ಎಂಬ ಕಿಣ್ವವು ಗೋಡೆಯನ್ನು ತಲುಪಿ ಅದರ ಎಳೆಗಳನ್ನು ಕತ್ತರಿಸುತ್ತದೆ. ಆಸರೆ ತಪ್ಪಿದ ಪೊರೆಯು ಒಳಗಿನ ಒತ್ತಡವನ್ನು ತಾಳಲಾರದೆ ಹೊರಕ್ಕೆ ಉಬ್ಬಿ ಒಡೆದುಹೋಗುತ್ತದೆ.

ಈ ಕಿಣ್ವವನ್ನಷ್ಟೇ ಬೇರ್ಪಡಿಸಿ ಹೊರಗಿನಿಂದ ಸವರಿದರೆ? ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವಿನ್ಸೆಂಟ್ ಫಿಶೆಟ್ಟಿ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ ಉತ್ತರವಿತ್ತರು. ಗಂಟಲುಬೇನೆ ತರುವ ಸ್ಟ್ರೆಪ್ಟೊಕಾಕಸ್ ಕೆಲವೇ ಸೆಕೆಂಡುಗಳಲ್ಲಿ ನಾಶವಾಯಿತು! ನಮ್ಮ ಜೀವಕೋಶಗಳಿಗೆ ಅಂತಹ ಗೋಡೆಯೇ ಇಲ್ಲವಾದುದರಿಂದ ಕಿಣ್ವಕ್ಕೆ ಅಲ್ಲಿ ಕತ್ತರಿಸಲು ಏನೂ ಸಿಗುವುದಿಲ್ಲ.

ಇ-ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್‌ಗಳ ಮಾತು ಬೇರೆ. ಇವುಗಳ ಗೋಡೆಯ ಹೊರಗೆ ಮತ್ತೊಂದು ಪೊರೆಯಿದೆ. ಆ ಪೊರೆಯ ಋಣ ವಿದ್ಯುದಂಶವುಳ್ಳ ಕಣಗಳನ್ನು ಮೆಗ್ನೀಷಿಯಂ, ಕ್ಯಾಲ್ಸಿಯಂಗಳು ಒತ್ತಾಗಿ ಹಿಡಿದಿಟ್ಟಿರುವುದರಿಂದ ಹೊರಗಿನಿಂದ ಬಂದ ಕಿಣ್ವ ಸಾಮಾನ್ಯವಾಗಿ ಅಲ್ಲಿಯೇ ನಿಂತುಬಿಡುತ್ತದೆ. ಬೆಲ್ಜಿಯಂ ದೇಶದ ಲ್ಯೂವೆನ್‌ನಲ್ಲಿ ಈವ್ಸ್ ಬ್ರೀಯರ್ಸ್, ರಾಬ್ ಲವೀನ್ ಮತ್ತಿತರರು ಕಿಣ್ವಕ್ಕೆ ಧನ ವಿದ್ಯುದಂಶದ ಒಂದು ಪುಟ್ಟ ತುಣುಕನ್ನು ಜೋಡಿಸಿದರು. ಅದು ಹೊರಪೊರೆಯ ಬಿಗಿಯನ್ನು ಸಡಿಲಿಸಿ ಕಿಣ್ವಕ್ಕೆ ದಾರಿ ಬಿಡಿಸುತ್ತದೆ. ಬಾಗಿಲಿನ ಕೀಲು ಸಡಿಲಿಸಿ ಒಳನುಗ್ಗುವ ಜಾಣ್ಮೆಯೆನ್ನಬೇಕು. 2014ರಲ್ಲಿ ಪ್ರಕಟವಾದ ಈ ಬಗೆಯ ಕಿಣ್ವಗಳಿಗೆ ಆರ್ಟಿಲೈಸಿನ್ ಎಂದು ಹೆಸರು.

ಸ್ಟೆಫೈಲೊಕಾಕಸ್‌ಗೆ ಈ ಹೊರಪೊರೆ ಇಲ್ಲವಾದುದರಿಂದ ಅದರ ಮೇಲಿನ ಪ್ರಯೋಗಗಳು ಬಹುದೂರ ಸಾಗಿವೆ. ನಮ್ಮ ಬೆಂಗಳೂರಿನ ಗಂಗಾಜೆನ್ ಸಂಸ್ಥೆಯು ಒಂದು ಫೇಜಿನ ಕಿಣ್ವದ ಕತ್ತರಿಸುವ ಭಾಗಕ್ಕೆ ಲೈಸೊಸ್ಟಾಫಿನ್ ಎಂಬ ಬೇರೊಂದು ಕಿಣ್ವದ ಅಂಟಿಕೊಳ್ಳುವ ಭಾಗವನ್ನು ಬೆಸೆದು ಪಿ-128 ಎಂಬುದನ್ನು ರೂಪಿಸಿತು. ಆದರೂ ಪ್ರಯೋಗಾಲಯದಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಸುಲಭವಲ್ಲ. ರಕ್ತಕ್ಕೆ ಸೋಂಕು ತಗುಲಿದವರಿಗೆ ಆಂಟಿಬಯೋಟಿಕ್‌ನೊಡನೆ ಕೊಟ್ಟು ನೋಡಿದ ಎಕ್ಸೆಬಕೇಸ್ ಎಂಬ ಕಿಣ್ವದಿಂದ ಹೆಚ್ಚಿನ ಲಾಭ ಕಾಣುವ ಸಂಭವವಿಲ್ಲವೆಂದು ಅದರ ಮೂರನೆಯ ಹಂತದ ಪರೀಕ್ಷೆಯನ್ನು 2022ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು.